ಡ್ರಾಯಿಂಗ್ ಸಮೇತ ಒಂದು ವಿಡಿಯೋ

ಮನುಷ್ಯರಿಗೆ ಹೆದರಿಕೆಯೆಂಬುದು ಹುಲಿಯಿಂದಲೋ ಲಾರಿಯಿಂದಲೋ ಬರಬೇಕು ಎಂದು ನಾನು ನಂಬಿಕೊಂಡಿದ್ದೆ. ನನಗೆ ಬಂದದ್ದು ಹೊಲಿಗೆ ಯಂತ್ರದ ಎಣ್ಣೆಡಬ್ಬಿಯಿಂದ. ಆಯುಧಪೂಜೆಯ ಹಿಂದಿನ ದಿನ ಬೆಳಿಗ್ಗೆ ಆದದ್ದು ಅದು. ವಾರಗಳು ಕಳೆದವು, ಇವತ್ತಿಗೂ ಒಗ್ಗರಣೆಗೆ ಎಣ್ಣೆ ಬಿಡುವಾಗ ನನ್ನ ಕೈ ಒಂದು ಕ್ಷಣ ನಿಂತುಬಿಡುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು ನಾನು. ದ್ರವದ ಹನಿಯೊಂದು ಕೊಳವೆಯ ತುದಿಯಲ್ಲಿ ಯಾಕೆ ನೇತಾಡುತ್ತದೆ, ಯಾವಾಗ ಕಳಚಿ ಬೀಳುತ್ತದೆ ಎಂದು ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದಿದ್ದೆ. ಆ ಹನಿಯ ಕೆಳಗೆ ಅಮ್ಮ ಇರಬಹುದು ಎಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಅಪ್ಪ ಭದ್ರಾವತಿಯ ಕಾರ್ಖಾನೆಯ ಮೆಷಿನ್ ಶಾಪಿನಲ್ಲಿ ಲೇತ್ ಯಂತ್ರಕ್ಕೆ ಕಬ್ಬಿಣ ಕೊಟ್ಟು ಕಡೆಯುವ ಟರ್ನರ್ ಆಗಿದ್ದವರು. ಅಮ್ಮ ತೀರಿಕೊಂಡ ಮೇಲೆ ಅಲ್ಲಿನ ನ್ಯೂ ಟೌನಿನ ಮನೆ ಬಿಟ್ಟು ಪಕ್ಕದೂರಿನ ದುರ್ಗಿಗುಡಿಗೆ, ನನ್ನ ಮನೆಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು ಬಟ್ಟೆ, ಎರಡು ಟ್ರಂಕು ಸ್ಪ್ಯಾನರು. ಅವರ ಪ್ರಕಾರ ಲೋಕದಲ್ಲಿರುವ ಸದ್ದುಗಳು ಎರಡೇ ಬಗೆ: ಮನುಷ್ಯರ ಮಾತು ಮತ್ತು ಎಣ್ಣೆ ಕಾಣದ ಬೇರಿಂಗು. ಮಿಕ್ಸಿ, ಫ್ಯಾನು, ನನ್ನ ಸ್ಕೂಟರಿನ ಸ್ಟ್ಯಾಂಡು ಎಲ್ಲಕ್ಕೂ ಎಣ್ಣೆಸೇವೆ ಆಗಿದೆ. ಪಕ್ಕದ ಮನೆಯ ಗೇಟಿಗೂ ಅವರು ಕೇಳದೆಯೇ ಬಿಟ್ಟು ಬಂದಿದ್ದಾರೆ. ಆಯುಧಪೂಜೆ ಹತ್ತಿರ ಬಂದರಂತೂ ಮನೆಯಲ್ಲಿ ಸ್ಕ್ರೂ ಇರುವ ಯಾವ ವಸ್ತುವೂ ಸುರಕ್ಷಿತವಲ್ಲ. ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು ಜೋಡಿಸಿದ ಮೇಲೆಯೇ ಕುಂಕುಮ. ಕೊಳೆ ಮೆಷಿನ್ನಿಗೆ ಹೂವಿಟ್ಟರೆ ದೇವರಿಗೇ ಅವಮಾನ ಎನ್ನುತ್ತಾರೆ.

ಆ ಬೆಳಿಗ್ಗೆ ಒಣಗಿದ ಬಟ್ಟೆ ಎತ್ತಿಕೊಂಡು ತಾರಸಿಯಿಂದ ಇಳಿದು ಬಂದೆ. ಹಜಾರದಲ್ಲಿ ಅಪ್ಪ ಪೇಪರ್ ಹಾಸಿಕೊಂಡು ಕೂತಿದ್ದರು. ಪೇಪರಿನ ಮೇಲೆ, ಮುಚ್ಚಳ ಬಿಚ್ಚಿ ಅಂಗಾತ ಮಲಗಿತ್ತು ನನ್ನ ಹಾರ್ಡ್ ಡಿಸ್ಕು. ಅದರ ಮೇಲೆ ಎಣ್ಣೆಡಬ್ಬಿಯ ಉದ್ದನೆಯ ಕೊಕ್ಕು. ಕೊಕ್ಕಿನ ತುದಿಯಲ್ಲಿ ಒಂದು ಹನಿ.

"ಬಂದ್ಯಾ ಮಾರಾಯ್ತಿ? ನಿನ್ನ ಕಪ್ಪು ಡಬ್ಬಿ ಕಿರ್ರ್ ಅಂತಿತ್ತು. ಬೇರಿಂಗ್ ಒಣಗಿದೆ. ಒಳಗೆ ನೋಡಿಲ್ಲಿ, ಎಂಥಾ ಫಿನಿಶಿಂಗು! ಮುಖ ಕಾಣ್ತದೆ! ನಮ್ಮ ಶಾಪಲ್ಲಿ ಯಾರಿಗೂ ಹಿಂಗೆ ಪಾಲಿಶ್ ಕೊಡೋಕೆ ಆಗಿರ್ಲಿಲ್ಲ."

"ಅಪ್ಪಾ, ಅಲ್ಲಾಡಬೇಡಿ!"

"ನಾನೆಲ್ಲಿ ಅಲ್ಲಾಡ್ತಿದೀನಿ? ನೀನೇ ಕುಣೀತಿದೀಯ."

"ಅದರೊಳಗೆ ಅಮ್ಮ ಇದಾಳೆ ಅಪ್ಪಾ!"

ಇದನ್ನು ನಾನು ಹೇಳಬಾರದಿತ್ತು. ಜೀವಮಾನವೆಲ್ಲ ಲೇತ್ ಮುಂದೆ ನಿಂತು ಒಮ್ಮೆಯೂ ನಡುಗದ ಕೈ ಆ ಮಾತಿಗೆ ನಡುಗಿತು. ಹನಿ ಕಳಚಿತು. ಅದು ಬಿದ್ದದ್ದು ಅಪ್ಪನ ಪಂಚೆಯ ಮೇಲೆ, ಡಿಸ್ಕಿನಿಂದ ಎರಡು ಬೆರಳು ಈಚೆಗೆ. ಆ ಎರಡು ಬೆರಳಿನ ಅಂತರವನ್ನು ನಾನು ದಿನಕ್ಕೆ ಹತ್ತು ಸಲವಾದರೂ ಮನಸ್ಸಿನಲ್ಲಿ ಅಳೆಯುತ್ತೇನೆ.

ಒಳಗಿದ್ದದ್ದು ಹನ್ನೆರಡು ನಿಮಿಷದ ವಿಡಿಯೋ. ಆಗೆಲ್ಲ ಆಯುಧಪೂಜೆಯ ದಿನ ಕಾರ್ಖಾನೆಯ ಗೇಟನ್ನು ಮನೆಮಂದಿಗೂ ತೆರೆಯುತ್ತಿದ್ದರು. ವರ್ಷವೆಲ್ಲ ಊಟದ ಡಬ್ಬಿ ಕಟ್ಟಿ ಕಳಿಸಿದ ಹೆಂಗಸರು ಅವತ್ತೊಂದು ದಿನ ರೇಷ್ಮೆ ಸೀರೆಯುಟ್ಟು, ಆ ಡಬ್ಬಿ ಎಲ್ಲಿಗೆ ಹೋಗುತ್ತದೆಂದು ನೋಡಿ ಬರುತ್ತಿದ್ದರು. ಮಂಡಕ್ಕಿ, ಬೂಂದಿ, ಕುಂಬಳಕಾಯಿ, ತೊಳೆದ ಕಬ್ಬಿಣದ ವಾಸನೆ. ಒಂದು ವರ್ಷ ಅಪ್ಪನ ಗೆಳೆಯ ಮುರುಗೇಶಣ್ಣ ಯಾರದೋ ಕ್ಯಾಮೆರಾ ತಂದು ಚಿತ್ರೀಕರಿಸಿದರು. ಅಮ್ಮ ಮಾತನಾಡುವ ವಿಡಿಯೋ ನಮ್ಮಲ್ಲಿರುವುದು ಅದೊಂದೇ. ಮದುವೆ ವಿಡಿಯೋಗಳಲ್ಲೂ ಅಮ್ಮ ಇದ್ದಾಳೆ, ಆದರೆ ಅಲ್ಲೆಲ್ಲ ವಿಡಿಯೋದವರು ನೆಂಟರ ದನಿ ಅಳಿಸಿ ಸಿನಿಮಾ ಹಾಡು ತುಂಬಿದ್ದಾರೆ. ಸಾರಿನ ಬಕೆಟ್ ಹಿಡಿದು ಓಡುವ ಅಮ್ಮನ ಹಿಂದೆ ಯಾರೋ ಪ್ರೇಮಿಗಳು ಹಾಡುತ್ತಿರುತ್ತಾರೆ.

ತೆರೆದ ಡಿಸ್ಕಿಗೆ ಮುಚ್ಚಳ ಹಾಕಿ, ಎಳೆಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು, ನಮ್ಮ ಬೀದಿಯ ತುದಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಇಮ್ತಿಯಾಜ್ ಬಳಿ ಓಡಿದೆವು. ಅವರು ಭೂತಗನ್ನಡಿ ಹಿಡಿದು ನೋಡಿದರು.

"ಯಜಮಾನ್ರೇ, ಇದನ್ನ ನೀವೇ ಬಿಚ್ಚಿದ್ರಾ? ಈ ಸ್ಕ್ರೂಗೆ ಬೇರೆ ಡ್ರೈವರೇ ಬೇಕು. ಒಂದು ಗೀರೂ ಇಲ್ವಲ್ಲ!"

"ಸೈಕಲ್ ಕಡ್ಡಿ ಅರದಲ್ಲಿ ಉಜ್ಜಿ ಮಾಡ್ಕೊಂಡೆ," ಎಂದರು ಅಪ್ಪ, ಅಂಥ ಹೊತ್ತಿನಲ್ಲೂ ತುಸು ಬೀಗಿ.

"ಸುಭಾನಲ್ಲಾ! ಕೆಲಸ ಫಸ್ಟ್ ಕ್ಲಾಸು. ಆದ್ರೆ ಒಳಗೆ ಧೂಳು ಹೋಗಿದೆ. ಗ್ಯಾರಂಟಿ ಕೊಡಲ್ಲ."

ನಾಲ್ಕು ದಿನ ಬಿಟ್ಟು ಕರೆ ಬಂತು, ಇಬ್ಬರೂ ಅಂಗಡಿಗೆ ಹೋದೆವು. ವಿಡಿಯೋದ ಮುಕ್ಕಾಲುಪಾಲು ಸಿಕ್ಕಿತ್ತು, ಆದರೆ ತೆರೆಯುತ್ತಿರಲಿಲ್ಲ. ಇಮ್ತಿಯಾಜ್ ವಿವರಿಸಿದರು: "ಯಾವ ಚಿತ್ರ ಎಲ್ಲಿದೆ ಅನ್ನೋ ಪಟ್ಟಿ ಈ ಫೈಲಲ್ಲಿ ಕೊನೇಲಿ ಇರ್ತದೆ ಮೇಡಂ. ಆ ಕೊನೇ ತುಂಡೇ ಹೋಗಿದೆ. ಪಟ್ಟಿ ಇಲ್ದೆ ಉಳಿದಿದ್ದೂ ಕಾಣಲ್ಲ."

"ಪಟ್ಟಿ ಒಂದೇ ಪ್ರತಿನಾ? ಅದನ್ನೂ ತುದೀಲಿ ಇಟ್ಟಿದಾರಾ? ಯಾರಪ್ಪ ಆ ಜಾಣ?" ಅಪ್ಪ ಕೆರಳಿದರು.

"ಈ ಥರದ ಫೈಲು ಮಾಡಿದ ಕಂಪನಿನೇ ಮುಚ್ಚಿಹೋಗಿದೆ ಯಜಮಾನ್ರೇ. ಒಳಗೆ ಹೆಂಗೆ ಜೋಡಿಸಿದಾರೆ ಅಂತ ಯಾರಿಗೂ ತೋರಿಸ್ಲೇ ಇಲ್ಲ."

"ಅಂದ್ರೆ ಡ್ರಾಯಿಂಗ್ ಇಲ್ವಾ?" ಅಪ್ಪ ನಿಜಕ್ಕೂ ಬೆಚ್ಚಿದರು. "ನಮ್ಮಲ್ಲಿ ಎಲ್ಲೆಲ್ಲಿಯ ಮೆಷಿನ್ನುಗಳಿದ್ವು. ಮಾಡಿದೋರು ಯಾವತ್ತೋ ಅಂಗಡಿ ಮುಚ್ಚಿದ್ರು. ಗೇರಿನ ಹಲ್ಲು ಮುರೀತು ಅಂದ್ರೆ ಬೀರುವಿಂದ ಮೆಷಿನ್ನಿನ ಡ್ರಾಯಿಂಗ್ ತೆಗೀತಿದ್ವಿ, ಅದರಲ್ಲಿ ಅಳತೆ ನೋಡಿ ನಾನೇ ಹೊಸ ಗೇರ್ ಕಡೀತಿದ್ದೆ. ಡ್ರಾಯಿಂಗ್ ಕೊಡದೆ ಮೆಷಿನ್ ಕಳಿಸಿದ್ರೆ ನಾವು ಲಾರಿಯಿಂದ ಇಳಿಸ್ಕೊಳ್ತಾನೇ ಇರ್ಲಿಲ್ಲ!"

ಇಮ್ತಿಯಾಜ್ ನಕ್ಕರು. "ಫೈಲು ಜೋಡಿಸೋ ರೀತಿಗೆ ಫಾರ್ಮ್ಯಾಟ್ ಅಂತಾರೆ. ಅದರ ಡ್ರಾಯಿಂಗ್ ಎಲ್ಲರಿಗೂ ಕೊಡೋದಕ್ಕೇ ಓಪನ್ ಫಾರ್ಮ್ಯಾಟ್ ಅನ್ನೋದು." ಯಾರೋ ಒಂದಷ್ಟು ಜನ ಸೇರಿ ವಿಡಿಯೋಗಳಿಗೆ ಅಂಥದ್ದೊಂದು ಹೊಸ ಫಾರ್ಮ್ಯಾಟ್ ಕಟ್ಟುತ್ತಿದ್ದಾರಂತೆ, ಅದರಲ್ಲಿ ಏನೇನಿರಬೇಕು ಎಂದು ಬಳಸುವವರನ್ನೇ ಕೇಳಿದ್ದಾರಂತೆ. ಫೋನಿನಲ್ಲಿ ತೋರಿಸಿದರು. "ನೀವು ಓದಿದೋರು, ಬರೀರಿ ಮೇಡಂ."

ಬರೆದೆ. ಅರ್ಜಿ ಬರೆಯುವುದರಲ್ಲಿ ನನಗೊಂದು ಸುಖವಿದೆ, ಅದರಲ್ಲೂ ಕೆಲಸವನ್ನು ಬೇರೆಯವರು ಮಾಡುವುದಾದರೆ. ಡ್ರಾಯಿಂಗ್ ಎಲ್ಲರ ಕೈಗೂ ಸಿಗಬೇಕು, ತೆರೆಯಲು ಯಾರ ಅಪ್ಪಣೆಯೂ ಬೇಕಾಗಬಾರದು ಎಂದು ಮೊದಲಿಗೇ ಬರೆದೆ. ಪಟ್ಟಿ ಮೊದಲಲ್ಲೂ ಇರಲಿ, ಕೊನೆಯಲ್ಲೂ ಇರಲಿ, ನಡುನಡುವೆಯೂ ಇರಲಿ. ಅರ್ಧ ಹಾಳಾದರೆ ಉಳಿದರ್ಧವನ್ನಾದರೂ ತೋರಿಸುವ ಸೌಜನ್ಯ ಬೇಕು. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಕುವಾಗ ಏನೂ ಸವೆಯಬಾರದು. ನಮ್ಮದು ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಹೋದಾಗ ಅಮ್ಮನ ಮೆಂತ್ಯಕಾಳಿನ ಬಣ್ಣದ ಸೀರೆ ಹಸಿರಾಯಿತು, ಸಿ.ಡಿ.ಯಿಂದ ಡಿಸ್ಕಿಗೆ ಬಂದಾಗ ಅಂಚೇ ಮಾಯವಾಯಿತು. ಇನ್ನೊಂದು ಸಲ ಬದಲಿಸಿದ್ದರೆ ಯಾರ ಹೆಂಡತಿಯೆಂದು ಅಪ್ಪನೇ ಕೇಳುತ್ತಿದ್ದರು. ಯಾರು ಯಾರೆಂದು ಬರೆದಿಡಲು ಒಳಗೇ ಜಾಗ ಬೇಕು, ಕನ್ನಡದಲ್ಲಿ. ಮತ್ತು ದನಿ ತುಟಿಯ ಜೊತೆಗೇ ಬರಬೇಕು.

ನಾವು ಮತ್ತೆ ಅಂಗಡಿಗೆ ಹೋಗುವಷ್ಟರಲ್ಲಿ ಇಮ್ತಿಯಾಜ್ ಅದೇ ಬಗೆಯ ಬೇರೊಂದು ಫೈಲನ್ನು ಮಾದರಿಯಾಗಿಟ್ಟುಕೊಂಡು ಪಟ್ಟಿಯನ್ನು ತಾವೇ ಕಟ್ಟಿದ್ದರು. ಒಂಬತ್ತು ನಿಮಿಷ ಉಳಿಯಿತು. "ಆದ್ರೆ ದನಿ ನಾಲ್ಕು ಸೆಕೆಂಡ್ ಹಿಂದೆ ಬೀಳ್ತದೆ. ನಾಳೆ ಬನ್ನಿ, ಕೂಡಿಸಿಕೊಡ್ತೀನಿ." ಅಪ್ಪ ಆಗಲೇ ಸ್ಟೂಲು ಎಳೆದುಕೊಂಡು ಕೂತಿದ್ದರು.

ಚೆಂಡುಹೂವಿನ ಹಾರ ಹಾಕಿಕೊಂಡ ಲೇತ್ ಬಂತು. ಮುರುಗೇಶಣ್ಣ "ಅಕ್ಕಾ, ಇಂಗೆ ಪಾರುಂಗ, ಇಲ್ಲಿ ನೋಡಿ ಅಕ್ಕಾ" ಎಂದರು, ಅಮ್ಮ ಆಗಲೇ ನೋಡಿ ತಿರುಗಿದ್ದಳು. ಕೈಯಲ್ಲಿ ಬೂಂದಿಯ ತಟ್ಟೆ. ಪರದೆಯ ಅಪ್ಪ, ತೆಳ್ಳಗಿನ ಕರಿಮೀಸೆಯ ಅಪ್ಪ, ತಟ್ಟೆಗೆ ಕೈ ಚಾಚಿದರು. ಅಮ್ಮ ತಟ್ಟೆ ಹಿಂದಕ್ಕೆಳೆದುಕೊಂಡು ತುಟಿ ಅಲ್ಲಾಡಿಸಿದಳು. ದನಿಯಿಲ್ಲ.

"ತೊಳ್ಕೊಂಡೆ ಕಣೇ," ಎಂದರು ನನ್ನ ಪಕ್ಕದಲ್ಲಿದ್ದ ಅಪ್ಪ, ಮೆಲ್ಲಗೆ. "ಸೋಪ್ ಹಾಕೇ ತೊಳ್ಕೊಂಡೆ."

ಆಮೇಲೆ ಬಂತು ದನಿ. "ಕೈ ತೊಳ್ಕೊಂಡ್ರಾ? ಮೊದ್ಲು ಕೈ!"

ಇಮ್ತಿಯಾಜ್ ಎದ್ದು ಹೊರಗೆ ಹೋಗಿ ಶಟರ್ ಬಾಗಿಲ ಬಳಿ ನಿಂತರು. ಹಿಂತಿರುಗಿದಾಗ ಅಪ್ಪ ಹೇಳಿದರು: "ಕೂಡಿಸೋದು ಬೇಡ ಬಿಡಿ. ಅವಳಿಗಿಂತ ಮುಂಚೆ ನಾನು ಬಾಯಿ ಬಿಟ್ಟಿದ್ದು ಇದೇ ಮೊದಲ್ನೇ ಸಲ."

ಪೆನ್‌ಡ್ರೈವ್ ಕೈಗಿಡುತ್ತ ಇಮ್ತಿಯಾಜ್ ಒಂದೇ ಪ್ರಶ್ನೆ ಕೇಳಿದರು: "ಹಳೇ ಕ್ಯಾಸೆಟ್, ಸಿ.ಡಿ. ಏನಾಯ್ತು ಮೇಡಂ? ಅದಿದ್ದಿದ್ರೆ ಇಷ್ಟು ಕಷ್ಟನೇ ಇರ್ಲಿಲ್ಲ." ಅಪ್ಪ ಗೋಡೆಯ ಕ್ಯಾಲೆಂಡರ್ ನೋಡತೊಡಗಿದರು. ನ್ಯೂ ಟೌನಿನ ಮನೆ ಖಾಲಿ ಮಾಡುವಾಗ ಅವೆರಡನ್ನೂ ಕಸಕ್ಕೆ ಹಾಕಿದವಳು ನಾನು. ಇರಲಿ ಕಣೇ ಎಂದು ಅಪ್ಪ ಅಂದಿದ್ದರು. ಡಿಸ್ಕಿನಲ್ಲಿದೆಯಲ್ಲ, ಇನ್ನು ಈ ಕಸ ಯಾಕೆ ಎಂದು ಅವರಿಗೆ ವಿಜ್ಞಾನದ ಪ್ರಗತಿಯ ಬಗ್ಗೆ ಭಾಷಣ ಕೊಟ್ಟಿದ್ದೆ. ಎಣ್ಣೆಯ ಹನಿ ಬಂದದ್ದು ಆಮೇಲೆ.

"ಇವತ್ತೇ ಮೂರು ಕಡೆ ಕಾಪಿ ಮಾಡಿಡಿ," ಎಂದರು ಇಮ್ತಿಯಾಜ್. ನಾನು ಅವತ್ತು ಮನೆಗೆ ಬಂದವಳು ಫಾರ್ಮ್ಯಾಟಿನವರಿಗೆ ಇನ್ನೂ ಒಂದು ಪುಟ ಬರೆದೆ. ಜನಸಾಮಾನ್ಯರು ಪ್ರತಿ ತೆಗೆದಿಡುವ ಅಭ್ಯಾಸ ಬೆಳೆಸಿಕೊಳ್ಳಬೇಕಾದ ಅಗತ್ಯದ ಬಗ್ಗೆ, ಸ್ವಲ್ಪ ಗದರುವ ಧಾಟಿಯಲ್ಲೇ. ಭಾನುವಾರ ಕಾಪಿ ಮಾಡೋಣವೆಂದುಕೊಂಡಿದ್ದೆ. ಆದರೆ ಭಾನುವಾರ ವಿಡಿಯೋವನ್ನು ಮುರುಗೇಶಣ್ಣನಿಗೆ ತೋರಿಸಲು ಭದ್ರಾವತಿಯ ಜನ್ನಾಪುರಕ್ಕೆ ಹೋಗಬೇಕಾಯಿತು. ಬಸ್ಸಿನಲ್ಲಿ, ಇದ್ದ ಒಂದೇ ಪೆನ್‌ಡ್ರೈವ್ ಇಟ್ಟಿದ್ದ ನನ್ನ ವ್ಯಾನಿಟಿ ಬ್ಯಾಗನ್ನು ಅಪ್ಪ ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿ ಕೂತಿದ್ದರು. ಟಿಕೆಟ್ ಕೊಡುತ್ತ ಕಂಡಕ್ಟರ್ ನಕ್ಕರು: "ಏನ್ ಯಜಮಾನ್ರೇ, ಮಗಳ ಬ್ಯಾಗ್ ಹೊರೋ ಡ್ಯೂಟಿನಾ?"

"ಒಳಗಿರೋದು ಹೆಂಡ್ತಿ ಕಣಪ್ಪ," ಎಂದರು ಅಪ್ಪ. "ಮಗಳ ಕೈಗೆ ಕೊಡೋ ಹಾಗಿಲ್ಲ."