ಸಿಡಿ ಗೇಮಿಗೊಂದು ನಿಂಬೆಹಣ್ಣು

ಯಾವ ಹೊಸ ಯಂತ್ರ ನಮ್ಮೂರಿಗೆ ಬಂದರೂ ಅದು ಕಂಪನಿಯವರು ಹೇಳಿದ ಹಾಗೆ ನಡೆಯುವುದಿಲ್ಲ, ನಾವು ಹೇಳಿದ ಹಾಗೂ ಕೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ನನಗೆ ಇದು ಚೆನ್ನಾಗಿ ಗೊತ್ತು.

ಮೇಲೊಂದು, ಕೆಳಗೊಂದು

ಆಗ ಗೇಮೆಂದರೆ ಕ್ಯಾಸೆಟ್. ಸಿಕ್ಕಿಸಿ ಸ್ವಿಚ್ ಒತ್ತಿದರೆ ಆಟ ಶುರು. ಎದುರಿನ ಗೇಮ್ ಅಂಗಡಿ ಸಾಹೇಬರ ಹತ್ತಿರ ರಾಶಿ ಕ್ಯಾಸೆಟ್ಟುಗಳಿದ್ದವು, ಹಾಗಾಗಿ ಗಿರಾಕಿಗಳೆಲ್ಲ ಅಲ್ಲೇ. ನಾನು ನೊಣ ಹೊಡೆಯುತ್ತ ಕೂತಿದ್ದಾಗ ದುಬೈನಲ್ಲಿದ್ದ ಭಾವ ಒಂದು ಸಿಡಿ ಪೆಟ್ಟಿಗೆ ತಂದುಕೊಟ್ಟರು. ಅದರ ಮೇಲೆ ನನ್ನ ಹಳೇ ಗೇಮ್ ಮೆಷಿನ್ ಕೂರಿಸಿದರೆ ಸಿಡಿಯಲ್ಲಿರುವ ಆಟವನ್ನೂ ಆಡಬಹುದು. ಆದರೆ ಎರಡಕ್ಕೂ ಬೇರೆ ಬೇರೆ ಕರೆಂಟಿನ ವೈರು.

ಸಾಹೇಬರು ಬಂದು ಹಿಂದೆ ಮುಂದೆ ನೋಡಿ, "ಏನ್ರೀ ಇದು, ಅಣ್ಣ-ತಮ್ಮ ಪಾಲಾಗಿ ಒಂದೇ ಮನ್ಯಾಗ ಇದ್ದಂಗೈತಲ್ಲ! ಮ್ಯಾಲಿನವರಿಗೊಂದು ಕರೆಂಟು, ಕೆಳಗಿನವರಿಗೊಂದು ಕರೆಂಟು!" ಅಂದರು.

ಉಳವಿ ಬಸ್ಸು

ಸಂತೆಗೆ ಬಂದಿದ್ದ ಉಳವಿಯವರೊಬ್ಬರು ಸಿಡಿ ಆಟ ಆಡಲು ಕೂತರು. ಸಿಡಿ ಗಿರ್ರೆಂದು ತಿರುಗಿತು. ಪರದೆ ಕಪ್ಪು. ಕಂಪನಿ ಹೆಸರು ಬಂತು. ಮತ್ತೆ ಕಪ್ಪು.

"ಎಂತಕ್ಕೆ ಇಷ್ಟೊತ್ತು ಮಾರಾಯ್ರೆ?"

"ದೊಡ್ಡ ಆಟ ಅಲ್ವೇನ್ರೀ, ಬರ್ತೈತಿ ತಡೀರಿ."

ಇನ್ನೇನು ಬಂತು ಅನ್ನುವಾಗ ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಗಿರ್ರ್. ಅಷ್ಟರಲ್ಲಿ ಉಳವಿ ಬಸ್ಸು ಹಾರ್ನ್ ಹೊಡೆಯಿತು. ಅವರು ಚೀಲ ಎತ್ತಿಕೊಂಡು, "ಇದು ಶುರುವಾದ್ರೆ ಹಂಗೇ ನಿಲ್ಲಿಸ್ಕಂಡಿರಿ, ಮುಂದಿನ ಸಂತೆಗೆ ಬರ್ತೀನಿ" ಎಂದು ಓಡಿದರು.

ಆಯುಧಪೂಜೆ

ಈ ಪೆಟ್ಟಿಗೆಯೂ ಕೈಕೊಟ್ಟರೆ ಅಂಗಡಿಗೆ ಬೀಗವೇ ಗತಿ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಅದಕ್ಕೇ ಆಯುಧಪೂಜೆಯ ದಿನ ಇಡೀ ಬೀದಿಯನ್ನು ಕರೆದೆ. ನಾನು ಹೂ ತರುವಷ್ಟರಲ್ಲಿ ಅವ್ವ ಟಿವಿಗೆ, ಮೆಷಿನ್ನಿಗೆ ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸಿಡಿಗೂ ಹಚ್ಚಿಬಿಟ್ಟಿದ್ದಳು. ಅದೂ ಮೆಷಿನ್ ಓದುವ ಹೊಳೆಯುವ ಮಗ್ಗುಲಿಗೆ!

"ಅವ್ವಾ, ಆ ಕಡೆ ಯಾಕೆ ಹಚ್ಚಿದೆ?"

"ಲಕಲಕ ಅನ್ನೋದೇ ಮುಖ ಅಲ್ಲೇನೋ?"

ಒರೆಸಿ ಹಾಕಿದೆ. ಪುಣ್ಯಕ್ಕೆ ಕಾರ್ ರೇಸ್ ಬಂತು. ಜನ ಹೋ ಎಂದರು. ನಾನು ಕಾರು ಬಿಟ್ಟೆ, ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿತು. ಮತ್ತೆ ಬಿಟ್ಟೆ, ಮತ್ತೆ ಗೋಡೆ.

"ಹೊಸ ಗಾಡೀನ ನಿಂಬೆಹಣ್ಣು ಇಡದೇ ಬಿಟ್ರೆ ಇನ್ನೇನಾಗ್ತೈತಿ?" ಎಂದು ಅವ್ವ ಟಿವಿಯ ಮುಂದೆ ಒಂದು ಹಣ್ಣಿಟ್ಟಳು. ಆಮೇಲೆ ಸಾಹೇಬರು ಕೂತರು. ದಿನವೂ ಆಡಿ ಪಳಗಿದ ಕೈ, ಕಾರು ಎಲ್ಲರಿಗಿಂತ ಮುಂದೆ ಬಂತು. ಹೊಗಳಿಕೆ ಮಾತ್ರ ಪೂರ್ತಿ ನಿಂಬೆಹಣ್ಣಿಗೆ.

ಮರುದಿನ ಜನ ನುಗ್ಗುತ್ತಾರೆಂದು ಬೇಗ ಬಾಗಿಲು ತೆಗೆದೆ. ಒಂದು ನರಪಿಳ್ಳೆಯಿಲ್ಲ. ಎದುರಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಹೋಗಿ ಇಣುಕಿದರೆ ಸಾಹೇಬರ ಹಳೇ ಟಿವಿಯ ಮುಂದೆ ನಿಂಬೆಹಣ್ಣು! ನನ್ನ ಗಿರಾಕಿಯೊಬ್ಬ, "ಇಲ್ಲಿ ನಿಂಬೆಹಣ್ಣೂ ಐತ್ರೀ, ಕಾಯೋದೂ ಇಲ್ಲ" ಅಂದ.

ಇನ್ನು ಬೋರ್ಡು ಇಳಿಸುವುದೇ ಸರಿ ಎಂದುಕೊಂಡು ಮನೆಗೆ ಬಂದೆ. ಸಾಹೇಬರಿಗೆ ಈ ಹಣ್ಣು ಯಾರು ಕೊಟ್ಟರೋ ಎಂದು ಗೊಣಗಿದೆ. ಒಳಗಿಂದ ಅವ್ವ ಅಂದಳು:

"ಹಬ್ಬದ ದಿನ ಬಾಯಿಬಿಟ್ಟು ಕೇಳಿದ್ರು, ಇಲ್ಲ ಅನ್ನಾಕಾಗ್ತೈತೇನು? ನಾನೇ ಹೋಗಿ ಇಟ್ಟು, ವ್ಯಾಪಾರ ಚಂದ ಆಗ್ಲಪ್ಪಾ ಅಂತ ಹರಸಿ ಬಂದೀನಿ."