ಭಜನೆ ಹಿಡಿದು ನಿಲ್ಲಿಸಿದ ಗೋಡೆ

ಎಲ್ಲಕ್ಕೂ ಕಾರಣ ಒಂದು ಪೇರಲ ಗಿಡ. ಕೊಹೀರಿನ ಹಳೇ ಓಣಿಯಲ್ಲಿ ಮಾರಾಟಕ್ಕಿದ್ದ ಮನೆಯ ಅಂಗಳದಲ್ಲಿ ಅದು ಕೊಂಬೆ ಬಾಗುವಷ್ಟು ಕಾಯಿ ಹೊತ್ತು ನಿಂತಿತ್ತು. ಪ್ರೇಮಲಾ ಗಿಡ ನೋಡಿದಳು, ಮನೆ ನೋಡಲಿಲ್ಲ. "ಕೊಂಡ್ರ ಇದೇ ಮನಿ ಕೊಳ್ಳೂನ್ರಿ" ಎಂದುಬಿಟ್ಟಳು.

ಮನೆ ನೋಡಿದವನು ಗಂಡ ಸಂಜೀವಕುಮಾರ. ಜಹೀರಾಬಾದಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮುರಿದದ್ದು ಕಂಡರೆ ಕೈ ತುರಿಸುವ ಮನುಷ್ಯನಾದರೂ ಇದನ್ನು ಕಂಡು ಬೆವತ. ಚಾವಣಿ ಗಬ್ಬದ ಎಮ್ಮೆಯ ಹೊಟ್ಟೆಯಂತೆ ಜೋತುಬಿದ್ದಿತ್ತು. ನಡುಮನೆಯ ಗೋಡೆ ಬಿರುಕಿಗೆ ಕಣ್ಣಿಟ್ಟರೆ ಪಕ್ಕದ ಮನೆಯ ಟೀವಿಯಲ್ಲಿ ಧಾರಾವಾಹಿ ಪೂರ್ತಿ ನೋಡಬಹುದಿತ್ತು.

ಬ್ಯಾಂಕಿನ ಮ್ಯಾನೇಜರ್ ತಲೆಯಾಡಿಸಿದ. "ಬೀಳೋ ಮನಿಗಿ ಲೋನ್ ಕೊಡಂಗಿಲ್ರಿ. ಮೊದಲ ರಿಪೇರಿ ಮಾಡಿಸ್ರಿ."

"ರಿಪೇರಿ ಮಾಡ್ಸಾಕೇ ಲೋನ್ ಬೇಕಾಗ್ಯಾದ್ರಿ ಸಾಬ್!"

"ಅದು ನಿಮ್ಮ ಪರೇಶಾನಿ. ಗುರುವಾರ ನಮ್ಮ ಎಂಜಿನಿಯರ್ ಬರ್ತಾರ. ಮನಿ ಗಟ್ಟಿ ಅದ ಅಂದ್ರ ಲೋನ್. ಮಾರೋರೂ ಅಲ್ಲೇ ಹಾಜರಿರಬೇಕು ನೋಡ್ರಿ."

ಗುರುವಾರ ಬೆಳಿಗ್ಗೆ ಸಂಜೀವಕುಮಾರ ಬಿರುಕಿನ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಬಿರುಕಿನ ಆಚೆಯಿಂದಲೇ ಒಂದು ದನಿ ಕೇಳಿತು. "ಯಾಕೋ ತಮ್ಮಾ, ಏನಾತು?" ಪಕ್ಕದ ಮನೆಯ ಭೀಮಮ್ಮ. ಓಣಿಯ ಭಜನಾ ಮಂಡಳಿಯ ಯಜಮಾನಿ. ಸಂಗತಿ ಕೇಳಿದ್ದೇ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಇಷ್ಟಕ್ಕ ಅಳ್ತಾರೇನು? ಗ್ವಾಡಿ ಕಾಣಬಾರ್ದು, ಅಷ್ಟೇ ಅಲ್ಲೇನು?"

ಹೊತ್ತೇರುವುದರೊಳಗೆ ಓಣಿಗೆ ಓಣಿಯೇ ಒಳಗಿತ್ತು. ಟೆಂಟ್ ಹೌಸಿನ ಮನ್ಮಥಪ್ಪ ಗುಲಾಬಿ ಬಣ್ಣದ ಮಿರುಗುವ ಬಟ್ಟೆ ತಂದು ಜೋತುಬಿದ್ದ ಚಾವಣಿಯ ಕೆಳಗೆ ಬಿಗಿದ. ಬಿರುಕಿನ ಮೇಲೆ ಜರಿಯ ಪರದೆ ಇಳಿಬಿತ್ತು. ಅದಕ್ಕೆ ಬೆನ್ನು ಹಚ್ಚಿ ಮಂಡಳಿಯ ಹೆಂಗಸರು ಸಾಲಾಗಿ ಕೂತರು. ಊದುಬತ್ತಿ ಹೊಗೆಯಾಡಿತು. ಮನೆ ಮದುವೆ ಹೆಣ್ಣಿನಂತಾಯಿತು.

ಎಂಜಿನಿಯರ್ ಬಂದು ಬಾಗಿಲು ನೂಕಿದ. ಅದು ಚೌಕಟ್ಟು ಬಿಟ್ಟು ಒಳಕ್ಕೆ ವಾಲಿತು. ಸಂಜೀವಕುಮಾರ ಬೆನ್ನು ಕೊಟ್ಟು ಹಿಡಿದ, ನಗುತ್ತ ಕೈ ಮುಗಿದ. ಮುಂದೆ ಅಲ್ಲಿಂದ ಕದಲುವಂತೆಯೇ ಇರಲಿಲ್ಲ.

"ಎಷ್ಟು ವಿನಯ!" ಎಂದ ಎಂಜಿನಿಯರ್. ಮೇಲೆ ನೋಡಿದ, ಗುಲಾಬಿ ಬಟ್ಟೆ. ಮುಂದೆ ನೋಡಿದ, ಹೆಂಗಸರು. "ಅಮ್ಮಾ, ಸ್ವಲ್ಪ ಏಳ್ರಿ. ಗ್ವಾಡಿ ನೋಡ್ಬೇಕು."

"ಭಜನಿ ನಡುವ ಎದ್ರ ಶಿವ ಮೆಚ್ಚತಾನೇನ್ರಿ?" ಎನ್ನುತ್ತ ಭೀಮಮ್ಮ ತಾಳ ಜೋರು ಮಾಡಿದಳು. ತಾಳ ಏರಿದಷ್ಟೂ ಗೋಡೆ ನಡುಗಿತು. ಮೇಲಿಂದ ಗಾರೆಯ ಹೆಂಟೆಯೊಂದು ಬಟ್ಟೆಯ ಸಂದಿನಿಂದ ಜಾರಿ ಎಂಜಿನಿಯರನ ನೆತ್ತಿಗೇ ಬಿತ್ತು. ಭೀಮಮ್ಮ ತಡಮಾಡದೆ ಅದರ ಮೇಲೆ ಒಂದು ಹಿಡಿ ಅಕ್ಷತೆ ಎರಚಿದಳು. "ಪುಣ್ಯವಂತ ಇದ್ದೀ ನೋಡಪ್ಪಾ, ಪ್ರಸಾದ ತಾನೇ ಬಿತ್ತು!"

ಎಂಜಿನಿಯರ್ ಭಕ್ತಿಯಿಂದ ಕಣ್ಣು ಮುಚ್ಚಿ, ತಲೆ ಒರೆಸಿಕೊಂಡು ಪ್ರೇಮಲಾ ಕೊಟ್ಟ ಉಪ್ಪಿಟ್ಟು ತಿಂದ. ಎರಡನೇ ಸಲ ಬಡಿಸಿಕೊಂಡ ಮೇಲೆ ಪೆನ್ನು ತೆಗೆದ. "ಮನಿ ಫಸ್ಟ್ ಕ್ಲಾಸ್ ಅದ. ಲೋನ್ ಆತು ಅಂತ ತಿಳೀರಿ."

ಬಾಗಿಲು ಬೆನ್ನ ಮೇಲಿಲ್ಲದಿದ್ದರೆ ಸಂಜೀವಕುಮಾರ ಕುಣಿದೇಬಿಡುತ್ತಿದ್ದ. ಪ್ರೇಮಲಾ ಕಿಟಕಿಯಿಂದ ಪೇರಲ ಗಿಡದತ್ತ ನೋಡಿ ನಕ್ಕಳು. ಹೆಂಗಸರು ಗೆಲುವಿನಲ್ಲಿ ಇನ್ನೊಂದು ಪದ ಎತ್ತಿಕೊಂಡರು.

ಅಷ್ಟರಲ್ಲಿ ನಾರಾಯಣಖೇಡದಿಂದ ಮಾರುವವರು ಬಂದಿಳಿದರು: ಆತ್ಮಾರಾಮ, ಅವನ ಹೆಂಡತಿ ಕೌಶಲ್ಯಾ. ಮನೆ ಕೌಶಲ್ಯಾಳ ಚಿಕ್ಕಮ್ಮ ಆಕೆಯ ಹೆಸರಿಗೆ ಬರೆದಿಟ್ಟದ್ದು, ಸಹಿಯೂ ಆಕೆಯದೇ ಬೇಕು. ಸಣ್ಣಾಕಿ ಇದ್ದಾಗ ನೋಡಿದ್ದು ಬಿಟ್ಟರೆ ಆಕೆ ಈ ಕಡೆ ಬಂದೇ ಇರಲಿಲ್ಲ.

ಹೊಸ್ತಿಲು ದಾಟಿ ಗುಲಾಬಿ ಚಾವಣಿ, ಜರಿಯ ಪರದೆ, ಊದುಬತ್ತಿ, ಭಜನೆ ಎಲ್ಲ ನೋಡಿ ಆಕೆ ಗಲ್ಲಕ್ಕೆ ಕೈ ಹಚ್ಚಿದಳು. ಆಮೇಲೆ ಗಂಡನತ್ತ ತಿರುಗಿದಳು. "ಬಾವಲಿ ಹೊಕ್ಕ ಮನಿ ಅಂದ್ರೆಲ್ಲಾ? ಇದು ಬಾವಲಿ ಹೊಕ್ಕ ಮನಿ ಏನ್ರಿ? ಇಂಥಾ ಮನಿ ಮಾರಿ ಬಾಡಿಗಿ ಮನ್ಯಾಗ ಸಾಯ್ಲೇನು? ನಾ ಮಾರಂಗಿಲ್ಲ!"

ಆತ್ಮಾರಾಮನಿಗೆ ಬಿರುಕು ಗೊತ್ತು. ಸಂಜೀವಕುಮಾರನಿಗೂ ಗೊತ್ತು. ಆದರೆ ಎಂಜಿನಿಯರ್ ಅಲ್ಲೇ ಕೂತಿದ್ದಾನೆ! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾಲಕ್ರು ಒಲ್ಲೆ ಅಂದ್ರ ಫೈಲ್ ಮುಚ್ಚೂದೇ" ಎಂದು ಎಂಜಿನಿಯರ್ ಪೆನ್ನಿನ ಟೊಪ್ಪಿ ಹಾಕಿದ.

ಸಂಜೀವಕುಮಾರನಿಗೆ ತಡೆಯಲಾಗಲಿಲ್ಲ. "ಅಕ್ಕೋರೇ, ಮೋಸ ಹೋಗಬ್ಯಾಡ್ರಿ! ಮನಿ ಇವತ್ತ ಬೀಳ್ತದೋ ನಾಳಿ ಬೀಳ್ತದೋ!" ಎಂದು ಬಾಗಿಲು ಬಿಟ್ಟು ಓಡಿ ಪರದೆ ಎಳೆದ. ಬಾಗಿಲು ಧಡಾರನೆ ಬಿತ್ತು. ಬಿರುಕಿನ ಆಚೆ ಭೀಮಮ್ಮನ ಟೀವಿಯಲ್ಲಿ ಅತ್ತೆಯೊಬ್ಬಳು ಸೊಸೆಯನ್ನು ಬೈಯುತ್ತಿದ್ದಳು.

ಕೌಶಲ್ಯಾ ಹೌಹಾರಿದಳು. "ಅಯ್ಯೋ ಶಿವನೇ! ಹಾಂಗಾದ್ರ ಈಗಿಂದೀಗ ಮಾರ್ತೀನಿ!"

"ಹಾಂಗಾದ್ರ ಲೋನ್ ಇಲ್ಲ!" ಎಂದು ಎಂಜಿನಿಯರ್ ಬಿದ್ದ ಬಾಗಿಲು ದಾಟಿಕೊಂಡು ಹೊರಟೇಹೋದ.

ಸಂಜೀವಕುಮಾರ ಅದೇ ಬಾಗಿಲ ಮೇಲೆ ಕುಸಿದು ಕೂತ. ಭೀಮಮ್ಮ ತಾಳ ಚೀಲಕ್ಕೆ ಹಾಕಿಕೊಳ್ಳುತ್ತ ಬಂದು ಅವನ ಬೆನ್ನು ಚಪ್ಪರಿಸಿದಳು. ಆಕೆಯ ಮುಖ ಗೆಲುವಿನಿಂದ ಅರಳಿತ್ತು.

"ನಮ್ಮ ಕೆಲಸ ಬರಾಬರ್ ಆತಿಲ್ಲೋ ತಮ್ಮಾ? ನೀ ಬಾಯಿ ಬಿಡಲಾರ್ದೆ ಇದ್ರ ಆ ಎಂಜಿನಿಯರನ ಅಪ್ಪಗೂ ಗೊತ್ತಾಗ್ತಿದ್ದಿಲ್ಲ! ಫಿಕರ್ ಮಾಡಬ್ಯಾಡ. ಇನ್ನೊಂದು ಬೀಳೋ ಮನಿ ನೋಡಿಡು, ನಾವು ಹಾಡಾಕ ಬರ್ತೀವಿ."