ಕಂಪ್ಯೂಟರ್ ಇಲ್ಲದ ಕಂಪ್ಯೂಟರ್ ಮೇಷ್ಟ್ರು

ಫೆಬ್ರವರಿಯ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ: ಶಿವಮೊಗ್ಗದ ಒಂದು ಪಿಯು ಕಾಲೇಜಿನ ಗೇಟು. ಹಾಜರಿದ್ದವರು: ನಾನು, ದ್ವಿತೀಯ ಪಿಯುಸಿ ಓದುವ ಮೊಮ್ಮಗಳು ಸಿಂಚನ, ಮತ್ತು ನನ್ನ ಮೈದುನ. ಮೈದುನನನ್ನು ಹಾಜರಿದ್ದ ಎನ್ನಬಹುದೇ? ಅವನ ಶರೀರ ಅಲ್ಲಿತ್ತು, ಅಷ್ಟನ್ನು ಖಂಡಿತವಾಗಿ ಹೇಳಬಲ್ಲೆ. ಈಜು ಕಲಿಸಲು ನೀರು ಬೇಕು, ಸೈಕಲ್ ಕಲಿಸಲು ಸೈಕಲ್ ಬೇಕು. ಕಂಪ್ಯೂಟರ್ ಕಲಿಸಲು ಮಾತ್ರ ಕಂಪ್ಯೂಟರ್ ಬೇಡ ಎನ್ನುವ ಮಹಾನುಭಾವ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅವನು ನಮ್ಮ ಮನೆಯಲ್ಲೇ ಹುಟ್ಟಬೇಕಿತ್ತೇ!

ಆ ದಿನ ಸಿಂಚನಳ ಕಂಪ್ಯೂಟರ್ ಸೈನ್ಸ್ ಪ್ರಾಕ್ಟಿಕಲ್ ಪರೀಕ್ಷೆ. ಡಿಸೆಂಬರಿನಲ್ಲಿ ಕಾಲೇಜಿನವರು ಒಂದು ಪೂರ್ವಸಿದ್ಧತಾ ಪರೀಕ್ಷೆ ಇಟ್ಟಿದ್ದರು. ಹುಡುಗಿ ಪ್ರೋಗ್ರಾಂ ಟೈಪ್ ಮಾಡಿದಳು, ಓಡಿಸಿದಳು, ಪರದೆಯ ಮೇಲೆ ಕೆಂಪಗೆ ‘ಎರರ್’ ಎಂದು ಬಂತು. ಅಷ್ಟೇ! ಪರೀಕ್ಷೆಯಿಂದ ಅರ್ಧಕ್ಕೇ ಎದ್ದು ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕುಸಿದಳು.

“ನಾನಿನ್ನು ಆ ಲ್ಯಾಬ್ ಒಳಗೆ ಕಾಲಿಡಲ್ಲ ಅಜ್ಜಿ. ಫೇಲಾದ್ರೂ ಪರವಾಗಿಲ್ಲ.”

ಓದಿದರೆ ಕಂಪ್ಯೂಟರನ್ನೇ ಓದುವುದು ಎಂದು ಹತ್ತನೇ ತರಗತಿಯಿಂದ ಹಠ ಹಿಡಿದಿದ್ದ ಹುಡುಗಿ ಇವಳು! ನಾನು ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಜ್ವರಕ್ಕೆ ಏನು ಮಾಡಬೇಕೆಂದು ಗೊತ್ತು, ಇದಕ್ಕೆ ಗೊತ್ತಿರಲಿಲ್ಲ. ಆಗ ನೆನಪಾದವನು ಭದ್ರಾವತಿಯ ಮೈದುನ. ಅಲ್ಲಿನ ಕಾರ್ಖಾನೆಯೊಂದಕ್ಕೆ ಕಂಪ್ಯೂಟರ್ ಬಂದ ಹೊಸತರಲ್ಲೇ ಆ ವಿಭಾಗಕ್ಕೆ ಸೇರಿ, ಅಲ್ಲಿಯೇ ತಲೆ ಬೆಳ್ಳಗೆ ಮಾಡಿಕೊಂಡವನು. ಭಾನುವಾರ ಹುಡುಗಿಯನ್ನು ಎಳೆದುಕೊಂಡು ಹೋದೆ.

“ಎಲ್ಲೋ ನಿನ್ನ ಕಂಪ್ಯೂಟರು?” ಎಂದೆ.

“ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ ಅತ್ತಿಗೆ. ಯೋಚನೆ ಮಾಡೋಕೆ ಅಡ್ಡ ಬರ್ತಿತ್ತು.”

“ಏಳು ಸಿಂಚನ, ವಾಪಸ್ ಬಸ್ಸಿದೆ.”

“ತಡೀರಿ ಮಾರಾಯ್ರೆ! ನಮ್ಮ ಕಾಲದಲ್ಲಿ ಇಡೀ ವಿಭಾಗಕ್ಕೆ ಒಂದೇ ಯಂತ್ರ. ಸರದಿ ಬರೋವರೆಗೆ ಕಾಗದದ ಮೇಲೆ ಬರೆದು, ತಲೆಯೊಳಗೇ ಓಡಿಸಿ ನೋಡ್ತಿದ್ವಿ. ತಲೆಯೊಳಗೆ ಓಡಿದ್ರೆ ಎಲ್ಲಿ ಬೇಕಾದ್ರೂ ಓಡುತ್ತೆ.”

ಎರಡು ಲೋಟ ತಂದಿಟ್ಟ. ಒಂದರಲ್ಲಿ ಕಾಫಿ, ಇನ್ನೊಂದರಲ್ಲಿ ಶುಂಠಿ ಕಷಾಯ. ಇದರಲ್ಲಿರುವುದು ಅದಕ್ಕೆ ಹೋಗಬೇಕು, ಅದರಲ್ಲಿರುವುದು ಇದಕ್ಕೆ ಬರಬೇಕು ಎಂದ. ಹುಡುಗಿ ಹಿಂದೆಮುಂದೆ ನೋಡದೆ ಕಾಫಿಯನ್ನು ಕಷಾಯಕ್ಕೆ ಸುರಿದು, ತಪ್ಪು ಗೊತ್ತಾಗುತ್ತಲೇ ಮುಖ ಮುಚ್ಚಿಕೊಂಡಳು. ಇವನು ಆ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ!

“ಪರವಾಗಿಲ್ಲ ಕಣೆ, ಕುಡಿಯೋ ಹಾಗಿದೆ. ಈಗ ಹೇಳು, ಏನು ಬೇಕಿತ್ತು?”

“ಮೂರನೇ ಲೋಟ, ಚಿಕ್ಕಜ್ಜ.”

ಒಳಗಿನಿಂದ ಅವನ ಹೆಂಡತಿಯ ದನಿ ಬಂತು: “ಅವರು ಹೊಗಳಿದ್ರು ಅಂತ ನಂಬಬೇಡ ಮಗಾ. ರುಚಿ ಗೊತ್ತಿದ್ದಿದ್ರೆ ಇಷ್ಟು ವರ್ಷ ನನ್ನ ಅಡುಗೆ ಉಣ್ತಿದ್ರಾ?”

ಅಲ್ಲಿಂದ ಪ್ರತಿ ಭಾನುವಾರ ಭದ್ರಾವತಿ. ಪಾಠ ಮನೆಯೊಳಗೇ ಇದ್ದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಕುಂಸಿಯ ನೆಂಟರ ಮನೆಯ ನಾಮಕರಣದಲ್ಲಿ, ಊಟದ ಎಲೆ ಹಾಕುವ ಮೊದಲು, ಈತ ಸಾಲಾಗಿ ಕೂತಿದ್ದ ಹೆಂಗಸರನ್ನು ವಯಸ್ಸಿನ ಪ್ರಕಾರ ಜೋಡಿಸುವಂತೆ ಸಿಂಚನಳಿಗೆ ಹೇಳಿದ. ನಿಯಮ ಸರಳ: ಪಕ್ಕಪಕ್ಕದ ಇಬ್ಬರನ್ನು ಕೇಳಬೇಕು, ದೊಡ್ಡವರು ಬಲಕ್ಕೆ, ಮತ್ತೆ ಮುಂದಿನ ಇಬ್ಬರು. ಏನಾಯಿತು ಎನ್ನುತ್ತೀರಿ? ಒಬ್ಬರೂ ಬಲಕ್ಕೆ ಹೋಗಲು ಒಪ್ಪಲಿಲ್ಲ! ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡವರೆಲ್ಲ ಐವತ್ತರ ಒಳಗೇ ಉಳಿದರು. ಸಾರು ಆರತೊಡಗಿತು, ಬಡಿಸುವವರು ಸಿಡುಕಿದರು.

“ನೋಡು ಸಿಂಚನ, ಪ್ರೋಗ್ರಾಂ ಸರಿಯಾಗೇ ಇದೆ. ಕೊಟ್ಟ ಮಾಹಿತಿ ಸುಳ್ಳು,” ಎಂದು ಇವನು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆ ಮನೆಯಿಂದ ನಮಗೆ ಇನ್ನೊಂದು ಕರೆ ಬಂದಿಲ್ಲ.

ಕೊನೆಗೆ ನನ್ನ ಸರದಿಯೂ ಬಂತು.

“ಅತ್ತಿಗೆ, ಇವತ್ತಿಂದ ನೀವೇ ಕಂಪ್ಯೂಟರ್.”

“ಯಾಕೋ, ನಾನೇನು ತಪ್ಪು ಮಾಡಿದೆ?”

“ಹೇಳಿದ್ದು ಬಿಟ್ಟು ಒಂದು ಹೆಜ್ಜೆ ಆಚೆ ಇಡಲ್ಲ, ಇನ್ನೊಬ್ಬರ ತಪ್ಪು ಸಿಕ್ಕಿದ್ರೆ ಬಿಡಲ್ಲ. ಇನ್ನೇನು ಬೇಕು?”

ಹಾಲು ಕಾಯಿಸುವುದಕ್ಕೆ ಸಿಂಚನ ಆಜ್ಞೆಗಳನ್ನು ಬರೆದುಕೊಟ್ಟಳು. ಪಾತ್ರೆ ತಗೋ. ಹಾಲು ಹಾಕು. ಒಲೆಯ ಮೇಲಿಡು. ಉಕ್ಕಿದಾಗ ಇಳಿಸು. ನಾನು ಒಲೆಯ ಮೇಲಿಟ್ಟು, ಕೈಕಟ್ಟಿ ನಿಂತೆ. ನಿಂತೇ ಇದ್ದೆ.

“ಉಕ್ಕಲೇ ಇಲ್ವಲ್ಲ ಅಜ್ಜಿ!”

“ಒಲೆ ಹಚ್ಚು ಅಂತ ಯಾರು ಹೇಳಿದ್ರು? ಬರೆಯುವಾಗ ಗಮನ ಎಲ್ಲಿರುತ್ತೆ ನಿಂಗೆ? ಓದೋ ಹುಡುಗಿ ನೀನು...”

“ಅತ್ತಿಗೆ, ಬಯ್ಯಬಾರದು!” ಮೈದುನ ತಡೆದ. “ಯಾವ ಸಾಲಲ್ಲಿ ತಪ್ಪಿದೆ ಅಂತ ಹೇಳಿ ಸುಮ್ಮನಾಗಿ. ಕಂಪ್ಯೂಟರ್ ಮಾಡೋದು ಅಷ್ಟೇ. ಅದಕ್ಕೆ ಇವಳ ಮೇಲೆ ಸಿಟ್ಟಿಲ್ಲ.”

ಎಷ್ಟು ಕಷ್ಟವಾಯಿತು ಗೊತ್ತೇ, ಬಯ್ಯದೆ ಬರಿಯ ಸಾಲಿನ ಸಂಖ್ಯೆ ಹೇಳುವುದು! ತುಟಿ ಬಿಗಿಹಿಡಿದು “ಮೂರನೇ ಸಾಲಿನ ನಂತರ” ಎಂದೆ. ನನ್ನ ಮುಖ ನೋಡಿ ಹುಡುಗಿ ಕಿಸಕ್ಕನೆ ನಕ್ಕಳು. ಡಿಸೆಂಬರಿನ ನಂತರ ಅವಳು ನಕ್ಕಿದ್ದು ಅದೇ ಮೊದಲು.

ಇಷ್ಟಾದ ಮೇಲೆ ಬಂದದ್ದು ಆ ಸೋಮವಾರ. ಭದ್ರಾವತಿಯಿಂದ ಬಸ್ಸು ಹಿಡಿದು ಬಂದಿದ್ದ ಮೈದುನ ಏನೋ ಹೇಳಲು ಬಾಯಿ ತೆರೆದು, “ಪೆನ್ನಿದೆಯಾ?” ಎಂದಷ್ಟೇ ಕೇಳಿದ. ಸಿಂಚನ ತಲೆಯಾಡಿಸಿ ಒಳಗೆ ಹೋದಳು. ತಿರುಗಿ ನೋಡಿದರೆ ಆಸಾಮಿ ನಾಪತ್ತೆ! ಟೀ ಕುಡಿಯಲು ಹೋಗಿರಬೇಕು ಎಂದುಕೊಂಡು ಮರದ ನೆರಳಿನಲ್ಲಿ ಕೂತೆ. ಬಿಸಿಲು ಏರಿತು. ನನ್ನ ಕಣ್ಣು ಕಾಲೇಜಿನ ಬಾಗಿಲು ಬಿಟ್ಟು ಕದಲಲಿಲ್ಲ. ಈಗ ಎದ್ದು ಬರುತ್ತಾಳೆ, ಈಗ ಎದ್ದು ಬರುತ್ತಾಳೆ ಎಂದು ಹೆದರುತ್ತಿದ್ದೆ.

ಅವಳು ಬಂದಳು, ಆದರೆ ಎಲ್ಲರ ಜೊತೆ, ಹೊತ್ತಿಗೆ ಸರಿಯಾಗಿ.

“ಎರರ್ ಬಂತು ಅಜ್ಜಿ.”

ನಾನು ಕೂತಲ್ಲಿಂದ ಎದ್ದು ನಿಂತೆ.

“ಒಂದು ಬ್ರಾಕೆಟ್ ಬಿಟ್ಟಿದ್ದೆ. ಯಾವ ಸಾಲು ಅಂತ ಅದೇ ಹೇಳ್ತು. ಹಾಕ್ದೆ. ಓಡ್ತು!”

ನಿವೃತ್ತಿಯಾದ ದಿನವೂ ನಾನು ಅಷ್ಟು ಉದ್ದದ ಉಸಿರು ಬಿಟ್ಟಿರಲಿಲ್ಲ. ಚಿಕ್ಕಜ್ಜ ಎಲ್ಲಿ ಎಂದು ಅವಳು ಕೇಳಿದಳು. ಗೇಟಿನ ಕಾವಲುಗಾರ ರಸ್ತೆಯಾಚೆಯ ಗಣಪತಿ ಗುಡಿಯತ್ತ ಕೈ ತೋರಿಸಿದ. “ಆ ಯಜಮಾನ್ರಾ? ಆಗಿಂದ ಸುತ್ತುತ್ತಾನೇ ಇದಾರೆ ಕಣ್ರಮ್ಮ.”

ಪ್ರಸಾದದ ಹೊತ್ತಿಗಲ್ಲದೆ ಗುಡಿಯ ಕಡೆ ತಲೆ ಹಾಕದವನು, ಕಾದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು.

“ನಿಲ್ಲೋ ಮಾರಾಯ, ಬಂದ್ಲು! ಚೆನ್ನಾಗಾಗಿದೆಯಂತೆ! ಎಷ್ಟು ಸುತ್ತು ಹಾಕಿದ್ಯೋ?”

ಅವನು ನಿಂತ. ಹುಡುಗಿಯ ಮುಖವನ್ನು ಒಮ್ಮೆ ನೋಡಿ, ಆಚೆ ತಿರುಗಿ ಕಣ್ಣೊರೆಸಿಕೊಂಡ.

“ಎಣಿಸಿಲ್ಲ ಅತ್ತಿಗೆ. ಅವಳು ಹೊರಗೆ ಬರೋವರೆಗೆ ಅಂತ ಅಂದ್ಕೊಂಡಿದ್ದೆ.”

 ಆಟೋದಲ್ಲಿ ಮನೆಗೆ ಕರೆತಂದು ನೋಡಿದರೆ ಎರಡೂ ಅಂಗಾಲುಗಳಲ್ಲಿ ಬೊಬ್ಬೆ. ತಣ್ಣೀರಿನಲ್ಲಿ ಕಾಲು ಇಳಿಬಿಡಿಸಿ, ಮೃದುವಾಗಿ ಒರೆಸಿ, ಮುಲಾಮು ಹಚ್ಚಿದೆ. ಸಿಂಚನ ಪಕ್ಕದಲ್ಲಿ ಕೂತು ಬ್ಯಾಂಡೇಜಿನ ಸುರುಳಿ ಬಿಚ್ಚಿಕೊಟ್ಟಳು. ಎರಡನೆಯ ಕಾಲಿಗೂ ಗಂಟು ಹಾಕಿ, ಕತ್ತರಿ ತೊಳೆದು ಡಬ್ಬಿಯಲ್ಲಿಟ್ಟೆ.